ಸಂಸ್ಕೃತಿಯ ಹಕ್ಕು ಸಮುದಾಯದ ಕೈಯಲ್ಲಿರಬೇಕೋ, ಅದರೊಳಗಿನ ಒಬ್ಬೊಬ್ಬರ ಕೈಯಲ್ಲೋ?

ಮಿಸ್ಸಿಸಾಗಾದ ದುಭಾಷಿ

ಎಲ್ಲರಿಗೂ ನಮಸ್ಕಾರ. ನಾನು ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ 19 ವರ್ಷಗಳಿಂದ ಇದ್ದೇನೆ. ಇಂಗ್ಲಿಷ್ ಬಾರದ ನಮ್ಮ ಕಡೆಯ ಹೆಣ್ಣುಮಕ್ಕಳು ವಕೀಲರ ಬಳಿಗೋ, ಆಸ್ಪತ್ರೆಗೋ, ನ್ಯಾಯಾಲಯಕ್ಕೋ ಹೋಗಬೇಕಾದಾಗ ಅವರ ಪಕ್ಕದಲ್ಲಿ ಕೂತು ಮಾತನ್ನು ಅತ್ತಿಂದಿತ್ತ ದಾಟಿಸುವುದು ನನ್ನ ಕೆಲಸ. ಈ ಕೆಲಸ ಮಾಡುತ್ತ ನನ್ನಲ್ಲಿ ಬೆಳೆದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ದಯವಿಟ್ಟು ನಿಧಾನವಾಗಿ ಓದಿ ಉತ್ತರಿಸಿ.

ಕೆನಡಾದ ಬಹುಸಂಸ್ಕೃತಿ ನೀತಿಗೆ ನಾನು ಋಣಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ವ್ಯಾಂಕೂವರಿಗೆ ಬಂದ 376 ಮಂದಿ ಭಾರತೀಯರಲ್ಲಿ 24 ಜನರನ್ನು ಮಾತ್ರ ಇಳಿಯಲು ಬಿಟ್ಟು, ಉಳಿದವರನ್ನು ಎರಡು ತಿಂಗಳು ಬಂದರಿನ ನೀರಿನ ಮೇಲೆಯೇ ಇರಿಸಿ ಹಿಂದಕ್ಕೆ ಅಟ್ಟಿದ ದೇಶವಿದು. ಇದೇ ದೇಶ 1971ರ ಅಕ್ಟೋಬರ್ 8ರಂದು, ಪ್ರಧಾನಿ ಪಿಯರ್ ಟ್ರೂಡೊ ಅವರ ಬಾಯಿಂದ, ತನಗೆ ಅಧಿಕೃತ ಭಾಷೆಗಳು ಎರಡಿದ್ದರೂ ಅಧಿಕೃತ ಸಂಸ್ಕೃತಿಯೆಂಬುದು ಯಾವುದೂ ಇಲ್ಲ ಎಂದು ಸಂಸತ್ತಿನಲ್ಲಿ ಸಾರಿತು. 1963ರಲ್ಲಿ ಆಯೋಗವೊಂದನ್ನು ನೇಮಿಸಿದಾಗ ಇಂಗ್ಲಿಷ್ ಮತ್ತು ಫ್ರೆಂಚ್ ಎಂಬ ಎರಡೇ ಸಂಸ್ಕೃತಿಗಳ ಲೆಕ್ಕ ಸರ್ಕಾರದ ಮುಂದಿತ್ತು. ಪಶ್ಚಿಮದ ಬಯಲಿನಲ್ಲಿ ತಲೆಮಾರುಗಳಿಂದ ನೆಲ ಉತ್ತು ಬದುಕಿದ್ದ ಉಕ್ರೇನಿಯನ್ನರು ಮೊದಲಾದವರು ಆ ಲೆಕ್ಕದಲ್ಲಿ ತಾವೆಲ್ಲಿ ಎಂದು ಪಟ್ಟು ಹಿಡಿದು ಕೇಳಿದ್ದರಿಂದ ಅದು ಬದಲಾಯಿತು. 1982ರ ಹಕ್ಕುಗಳ ಸನ್ನದಿನ 27ನೆಯ ವಿಧಿ ಮತ್ತು 1988ರ ಬಹುಸಂಸ್ಕೃತಿ ಕಾಯ್ದೆ ಆಮೇಲೆ ಬಂದವು. 2021ರ ಜನಗಣತಿಯ ಪ್ರಕಾರ ಈ ದೇಶದ ಶೇ 23ರಷ್ಟು ಜನ ವಲಸೆ ಬಂದವರು. 2022ರ ಮೇ ತಿಂಗಳಲ್ಲಿ, ಶಿರಾ ತಾಲ್ಲೂಕಿನ ಮೂಲದ ಸಂಸದ ಚಂದ್ರ ಆರ್ಯ ಅವರು ಇಲ್ಲಿನ ಸಂಸತ್ತಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದ್ದನ್ನು ಕೇಳಿ ನಾನು ಅತ್ತಿದ್ದೆ.

ಈಗ ಪ್ರಶ್ನೆ. 2014ರಲ್ಲಿ ನಾನು ಒಬ್ಬ ಹೆಣ್ಣುಮಗಳಿಗೆ ದುಭಾಷಿಯಾಗಿದ್ದೆ. ಗಂಡ ಸ್ಪಾನ್ಸರ್ ಮಾಡಿ ಊರಿನಿಂದ ಕರೆಸಿಕೊಂಡಿದ್ದ. ಮನೆಯಲ್ಲಿ ಹೊಡೆತ ತಪ್ಪುತ್ತಿರಲಿಲ್ಲ. ಆಕೆ ಮೊದಲು ಹೋದದ್ದು ಪೊಲೀಸರ ಬಳಿಗಲ್ಲ, ನಮ್ಮವರೇ ಆದ ಹಿರಿಯರ ಬಳಿಗೆ. ಅವರು ಇಬ್ಬರನ್ನೂ ಕೂರಿಸಿ ಪಂಚಾಯಿತಿ ಮಾಡಿದರು, ಹೊಂದಿಕೊಂಡು ಹೋಗಮ್ಮ ಎಂದರು, ಹೊರಗಿನವರಿಗೆ ಗೊತ್ತಾದರೆ ನಮ್ಮ ಜನರ ಮರ್ಯಾದೆ ಉಳಿಯುತ್ತದೆಯೇ ಎಂದು ಕೇಳಿದರು. ಆಗ ಜಾರಿಯಲ್ಲಿದ್ದ ನಿಯಮವೊಂದರ ಪ್ರಕಾರ (ಅದು 2012ರಲ್ಲಿ ಬಂದು 2017ರಲ್ಲಿ ರದ್ದಾಯಿತು) ಹೊಸದಾಗಿ ಬಂದ ಎಷ್ಟೋ ಪತ್ನಿಯರು ಎರಡು ವರ್ಷ ಗಂಡನೊಡನೆ ಬಾಳದಿದ್ದರೆ ಇಲ್ಲಿ ನೆಲೆಸುವ ಹಕ್ಕನ್ನೇ ಕಳೆದುಕೊಳ್ಳಬಹುದಿತ್ತು. ದೌರ್ಜನ್ಯಕ್ಕೆ ಒಳಗಾದವರಿಗೆ ವಿನಾಯಿತಿಯೇನೋ ಇತ್ತು, ಆದರೆ ಅದನ್ನು ಸಾಬೀತು ಮಾಡಬೇಕಾದವಳು ಅವಳೇ. ಹೀಗೆ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಸಂಸ್ಕೃತಿಯ ಹೆಸರು ಹೇಳುವ ಹಿರಿಯರು, ನಡುವೆ ಅವಳೊಬ್ಬಳು.

ಬಹುಸಂಸ್ಕೃತಿಯ ಕಷ್ಟವೆಂದರೆ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ನಡುವಿನ ತಿಕ್ಕಾಟ ಎಂದೇ ನಾವು ಸಾಮಾನ್ಯವಾಗಿ ಮಾತನಾಡುತ್ತೇವೆ. ಗುಂಪಿನ ಒಳಗೆ ದನಿಯಿಲ್ಲದವರ ಗತಿಯೇನು ಎಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ನಿಮ್ಮ ಅಭಿಪ್ರಾಯ ಏನು?

ತುಮಕೂರಿನ ವಕೀಲ

ಮೇಡಂ, ತಾವು ಎತ್ತಿರುವ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಜಾತಿಯಿಂದ, ಧರ್ಮದಿಂದ ಬಹಿಷ್ಕರಿಸುವುದನ್ನು ತಡೆಯಲು ಬಾಂಬೆ ಪ್ರಾಂತ್ಯ 1949ರಲ್ಲಿ ಒಂದು ಕಾಯ್ದೆ ಮಾಡಿತ್ತು. ಶಿಯಾ ಮುಸ್ಲಿಮರ ಒಂದು ಪಂಗಡವಾದ ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟ್, ಬಹಿಷ್ಕರಿಸುವ ಅಧಿಕಾರವು ಆ ಪಂಥದ ಧಾರ್ಮಿಕ ವ್ಯವಹಾರದ ಭಾಗವೆಂದು ಬಹುಮತದಿಂದ ಒಪ್ಪಿಕೊಂಡು ಕಾಯ್ದೆಯನ್ನು ಅಸಿಂಧುಗೊಳಿಸಿತು. ಅಂದರೆ ಸಂವಿಧಾನ ಕೊಟ್ಟ ಧಾರ್ಮಿಕ ಸ್ವಾತಂತ್ರ್ಯವು ಹೊರಗೆ ಹಾಕುವವರ ಪಾಲಿಗೆ ಬಂತು, ಹೊರಗೆ ಹಾಕಿಸಿಕೊಂಡವರ ಪಾಲಿಗೆ ಬರಲಿಲ್ಲ. ನಮ್ಮ ಮಲೆನಾಡು, ಕರಾವಳಿಯ ಹಳೆಯ ಮನೆತನಗಳಲ್ಲಿ ಘಟಶ್ರಾದ್ಧ ಎಂಬ ಮಾತು ಕೇಳಿದವರಿಗೆ, ಬದುಕಿರುವ ಮನುಷ್ಯನಿಗೆ ಸತ್ತವನ ಕರ್ಮ ಮಾಡಿ ಮುಗಿಸುವುದು ಎಂಥ ಶಿಕ್ಷೆ ಎಂಬುದನ್ನು ವಿವರಿಸಬೇಕಾಗಿಲ್ಲ. ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರ ಮತ್ತೆ ಕಾಯ್ದೆ ತಂದದ್ದು 2016ರಲ್ಲಿ.

ಶಾ ಬಾನೊ ಪ್ರಕರಣವೂ ಇದೇ ಸಾಲಿನದು. 1985ರಲ್ಲಿ ಸುಪ್ರೀಂ ಕೋರ್ಟ್, ತಲಾಖ್ ಪಡೆದ ಆ ಮುಸ್ಲಿಂ ವೃದ್ಧೆಗೆ ಗಂಡನಿಂದ ಜೀವನಾಂಶ ಕೊಡಿಸಿತು. ಮರುವರ್ಷವೇ ಸರ್ಕಾರ, ಸಮುದಾಯದ ಪರವಾಗಿ ಮಾತನಾಡುತ್ತೇವೆ ಎಂದವರ ಮಾತಿಗೆ ಮಣಿದು, ಆ ಹಕ್ಕನ್ನು ಮೊಟಕುಗೊಳಿಸುವ ಬೇರೊಂದು ಕಾಯ್ದೆ ಮಾಡಿತು. ಆ ಸಮುದಾಯದಲ್ಲಿ ಶಾ ಬಾನೊ ಕೂಡ ಒಬ್ಬರು ಎಂಬುದು ಯಾರಿಗೂ ನೆನಪಾಗಲಿಲ್ಲ.

ಆದರೂ ತಮಗೆ ಒಂದು ಮಾತು ಕೇಳಬೇಕು. ತಾವು ಹೇಳಿದ ಪಂಚಾಯಿತಿಗೆ ಕಾನೂನಿನ ಮಾನ್ಯತೆ ಯಾವುದೂ ಇರಲಿಲ್ಲ. ಆದರೂ ಅದು ಅವರನ್ನು ಕಟ್ಟಿಹಾಕಿತು. ಹಾಗಿರುವಾಗ ಕಾನೂನನ್ನು ಬದಲಿಸಿ ಎಷ್ಟು ಸಾಧಿಸಬಹುದು?

ಮಿಸ್ಸಿಸಾಗಾದ ದುಭಾಷಿ

ಸರ್, ನಿಮ್ಮ ಪ್ರಶ್ನೆಯನ್ನೇ ಒಂಟಾರಿಯೊ ಪ್ರಾಂತ್ಯ 2003ರಿಂದ 2005ರವರೆಗೆ ಎದುರಿಸಿತು. 1991ರ ಮಧ್ಯಸ್ಥಿಕೆ ಕಾಯ್ದೆಯಡಿ ಇಬ್ಬರು ಒಪ್ಪಿದರೆ ತಮ್ಮ ವ್ಯಾಜ್ಯವನ್ನು ತಾವೇ ಆರಿಸಿಕೊಂಡ ಮಧ್ಯಸ್ಥರ ಮುಂದೆ, ತಾವೇ ಆರಿಸಿಕೊಂಡ ನಿಯಮದಂತೆ ತೀರಿಸಿಕೊಳ್ಳಬಹುದಿತ್ತು, ಆ ತೀರ್ಪನ್ನು ನ್ಯಾಯಾಲಯವೂ ಜಾರಿ ಮಾಡಬಹುದಿತ್ತು. ಯೆಹೂದಿಗಳ ಧಾರ್ಮಿಕ ನ್ಯಾಯಮಂಡಳಿಗಳು ಸದ್ದಿಲ್ಲದೆ ಇದನ್ನು ಬಳಸುತ್ತಿದ್ದವು. 2003ರಲ್ಲಿ ಸಂಸ್ಥೆಯೊಂದು ಮುಸ್ಲಿಂ ಕುಟುಂಬಗಳ ವಿಚ್ಛೇದನ, ಆಸ್ತಿ ಮುಂತಾದ ವಿಷಯಗಳನ್ನು ಷರಿಯತ್ ಪ್ರಕಾರ ಇತ್ಯರ್ಥ ಮಾಡುವುದಾಗಿ ಪ್ರಕಟಿಸಿದಾಗ ಗದ್ದಲ ಎದ್ದಿತು. ಮಾಜಿ ಅಟಾರ್ನಿ ಜನರಲ್ ಮ್ಯಾರಿಯನ್ ಬಾಯ್ಡ್ 2004ರ ಡಿಸೆಂಬರಿನಲ್ಲಿ ಕೊಟ್ಟ ವರದಿ, ರಕ್ಷಣೆಯ ನಿಯಮಗಳನ್ನು ಬಿಗಿ ಮಾಡಿ ಇದನ್ನು ಮುಂದುವರಿಸಬಹುದು ಎಂದಿತು. ಅದಕ್ಕೆ ಬಲವಾಗಿ ಅಡ್ಡ ನಿಂತವರಲ್ಲಿ ಕೆನಡಾದ ಮುಸ್ಲಿಂ ಮಹಿಳೆಯರ ಮಂಡಳಿಯೂ, ಇರಾನಿನಿಂದ ಓಡಿ ಬಂದ ಹೆಂಗಸರೂ ಇದ್ದರು ಎಂಬುದನ್ನು ಗಮನಿಸಬೇಕು. ತಾವು ಯಾವುದರಿಂದ ತಪ್ಪಿಸಿಕೊಂಡು ಬಂದೆವೋ ಅದನ್ನೇ ಈ ದೇಶ ಗೌರವದ ಹೆಸರಿನಲ್ಲಿ ತಮ್ಮ ಕೈಗಿಡುತ್ತಿದೆ ಎಂಬುದು ಅವರ ಸಂಕಟವಾಗಿತ್ತು. 2005ರ ಸೆಪ್ಟೆಂಬರಿನಲ್ಲಿ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಡಾಲ್ಟನ್ ಮೆಕ್‌ಗಿಂಟಿ ಎಲ್ಲ ಧರ್ಮಗಳಿಗೂ ಅನ್ವಯಿಸುವಂತೆ ಆ ದಾರಿಯನ್ನು ಮುಚ್ಚಿದರು. 2006ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು.

ಪಂಚಾಯಿತಿ ಇದರಿಂದ ನಿಲ್ಲಲಿಲ್ಲ, ನೀವು ಹೇಳಿದ್ದು ನಿಜ. ಆದರೆ ನಾನು ಜೊತೆಗಿದ್ದ ಆ ಹೆಣ್ಣುಮಗಳು ಕೊನೆಗೆ ವಕೀಲರ ಕೋಣೆಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ, ಹಿರಿಯರು ಮಾಡಿದ ತೀರ್ಮಾನ ಇಲ್ಲಿ ನಡೆಯುತ್ತದೆಯೇ ಎಂಬುದಾಗಿತ್ತು. ನಡೆಯುವುದಿಲ್ಲ ಎಂಬ ಮಾತನ್ನು ನಾನು ಕನ್ನಡದಲ್ಲಿ ಅವಳಿಗೆ ಹೇಳಿದೆ. ಅವಳು ಅದನ್ನು ಮೂರು ಸಲ ಹೇಳಿಸಿಕೊಂಡಳು. ಕಾನೂನಿನಿಂದ ಆಗುವುದು ಇಷ್ಟೇ ಇರಬಹುದು, ಆದರೆ ಇದು ಸಣ್ಣದೆಂದು ನನಗೆ ಅನಿಸಿಲ್ಲ.

ಮಾಂಟ್ರಿಯಲ್ ವಾಸಿ

ನಾನು ಕ್ವಿಬೆಕ್ ಪ್ರಾಂತ್ಯದಲ್ಲಿ ಶಾಲಾ ಶಿಕ್ಷಕ. ಒಂಟಾರಿಯೊದ ದಾರಿಯನ್ನು ಮೆಚ್ಚುವ ಮೊದಲು ನಮ್ಮಲ್ಲಿ ಅದೇ ವಾದ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನೂ ನೋಡಬೇಕೆಂದು ವಿನಂತಿಸುತ್ತೇನೆ.

ಕ್ವಿಬೆಕ್ ಬಹುಸಂಸ್ಕೃತಿ ಎಂಬ ಮಾತನ್ನು ಮೊದಲಿನಿಂದಲೂ ಅನುಮಾನದಿಂದ ನೋಡಿದೆ. ಇಂಗ್ಲಿಷಿನ ಸಮುದ್ರದ ನಡುವೆ ತಮ್ಮ ಫ್ರೆಂಚ್ ಉಳಿಯಬೇಕೆಂಬ ಆತಂಕ ಅವರದು. ಬೆಂಗಳೂರಿನಲ್ಲಿ ಕನ್ನಡದ ಸ್ಥಿತಿ ನೋಡಿದ ನನಗೆ ಆ ಆತಂಕ ಚೆನ್ನಾಗಿ ಅರ್ಥವಾಗುತ್ತದೆ, ವಲಸೆ ಬಂದವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕೆಂದ 1977ರ ಭಾಷಾ ಸನ್ನದನ್ನು ನಾನು ಒಪ್ಪುತ್ತೇನೆ. ನನ್ನ ಮಕ್ಕಳೂ ಅದರಂತೆಯೇ ಓದಿದರು, ಅದರಿಂದ ಅವರ ಕನ್ನಡಕ್ಕೆ ಧಕ್ಕೆಯಾಗಲಿಲ್ಲ.

ಆದರೆ 2019ರ ಜೂನಿನಲ್ಲಿ ಬಂದ 21ನೆಯ ಮಸೂದೆ ಬೇರೆ ಬಗೆಯದು. ಸರ್ಕಾರಿ ಶಾಲೆಗಳ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಕೆಲಸದ ವೇಳೆಯಲ್ಲಿ ಧಾರ್ಮಿಕ ಚಿಹ್ನೆ ಧರಿಸಬಾರದು ಎಂದು ಅದು ಹೇಳುತ್ತದೆ. ಹಕ್ಕುಗಳ ಸನ್ನದಿನ ಅಡ್ಡಿ ಬರದಂತೆ, ಕೆಲವು ಹಕ್ಕುಗಳನ್ನು ಮೀರಿ ಕಾಯ್ದೆ ಮಾಡಲು ಅವಕಾಶ ಕೊಡುವ ಅದೇ ಸನ್ನದಿನ 33ನೆಯ ವಿಧಿಯನ್ನು ಮುಂಚಿತವಾಗಿಯೇ ಬಳಸಿಕೊಳ್ಳಲಾಯಿತು. ಮುಸ್ಲಿಂ ಹೆಣ್ಣುಮಕ್ಕಳನ್ನು ಒತ್ತಾಯದಿಂದ ಬಿಡಿಸುವುದು ಇದರ ಉದ್ದೇಶಗಳಲ್ಲೊಂದು ಎಂದು ಅನೇಕರು ಸಮರ್ಥಿಸಿದರು. ಆದದ್ದೇನು? 2021ರ ಡಿಸೆಂಬರಿನಲ್ಲಿ ಚೆಲ್ಸಿ ಎಂಬ ಊರಿನಲ್ಲಿ ಮೂರನೆಯ ತರಗತಿಯ ಶಿಕ್ಷಕಿಯೊಬ್ಬರನ್ನು ತಲೆವಸ್ತ್ರದ ಕಾರಣಕ್ಕೆ ತರಗತಿಯಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಲಾಯಿತು. ಓದಿ, ದುಡಿದು, ತನ್ನ ಕಾಲ ಮೇಲೆ ನಿಂತ ಹೆಂಗಸನ್ನೇ ವಿಮೋಚನೆಯ ಹೆಸರಿನಲ್ಲಿ ಕೆಲಸದಿಂದ ದೂರ ಮಾಡುವುದು ಯಾವ ನ್ಯಾಯವೋ ತಿಳಿಯದು. 1936ರಿಂದ ಕ್ವಿಬೆಕ್ ಶಾಸನಸಭೆಯ ಗೋಡೆಯ ಮೇಲಿದ್ದ ಶಿಲುಬೆಯನ್ನು ತೆಗೆದದ್ದು ಈ ಕಾಯ್ದೆಯಾದ ಮೇಲೆಯೇ. 2024ರಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು, ಮರುವರ್ಷ ದೇಶದ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಿಕೊಂಡಿತು.

ಗುಂಪಿನೊಳಗಿನ ದುರ್ಬಲರ ರಕ್ಷಣೆ ಎಂಬ ಮಾತು ಬಹುಸಂಖ್ಯಾತರ ಕೈಗೆ ಸಿಕ್ಕಾಗ ಆ ದುರ್ಬಲರ ಮೇಲೆಯೇ ಬೀಸುವ ದೊಣ್ಣೆಯಾಗಬಹುದು ಎಂಬುದಷ್ಟೇ ನನ್ನ ಭಯ.

ಶಿರಸಿಯ ಓದುಗ

ಮಾಂಟ್ರಿಯಲ್‌ನ ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದದಲ್ಲಿ ನಮ್ಮ ಹೈಕೋರ್ಟ್ 2022ರ ಮಾರ್ಚ್ 15ರಂದು ಮುಖ್ಯವಾಗಿ ಪರಿಶೀಲಿಸಿದ್ದು, ಆ ಉಡುಪು ಇಸ್ಲಾಮಿನಲ್ಲಿ ಅತ್ಯಗತ್ಯವಾದ ಆಚರಣೆಯೇ ಎಂಬುದನ್ನು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಪೀಠ ಭಿನ್ನ ತೀರ್ಪು ಕೊಟ್ಟಾಗ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಆ ಪ್ರಶ್ನೆಯನ್ನೇ ಬದಿಗಿಟ್ಟು, ಇದು ಆ ಹುಡುಗಿಯ ಆಯ್ಕೆಯ ವಿಷಯ ಎಂದರು. ಈ ಎರಡು ಪ್ರಶ್ನೆಗಳ ನಡುವೆ ಅಜಗಜಾಂತರವಿದೆ. ಮೊದಲನೆಯದಕ್ಕೆ ಉತ್ತರ ಗ್ರಂಥದಲ್ಲಿ, ಪಂಡಿತರ ಬಾಯಲ್ಲಿ ಸಿಗಬೇಕು. ಎರಡನೆಯದಕ್ಕೆ ಉತ್ತರ ಹೇಳಬಲ್ಲವಳು ಅವಳು ಮಾತ್ರ.

ಮಿಸ್ಸಿಸಾಗಾದ ದುಭಾಷಿ

ಶಿರಸಿಯವರು ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿದರು. ಮೇಷ್ಟ್ರೇ, ಒಂಟಾರಿಯೊದ ತೀರ್ಮಾನ ಸರಿ, ಕ್ವಿಬೆಕ್‌ನದು ತಪ್ಪು ಎಂದು ನಾನು ಒಟ್ಟೊಟ್ಟಿಗೆ ಹೇಳಬಲ್ಲೆ, ಇದರಲ್ಲಿ ವಿರೋಧವಿದೆ ಎಂದು ನನಗೆ ತೋರುವುದಿಲ್ಲ. ಮೊದಲನೆಯದರಲ್ಲಿ ಹೆಂಗಸಿನ ಮೇಲೆ ಇತರರು ಚಲಾಯಿಸಬಹುದಾಗಿದ್ದ ಅಧಿಕಾರವನ್ನು ಸರ್ಕಾರ ಹಿಂತೆಗೆದುಕೊಂಡಿತು. ಎರಡನೆಯದರಲ್ಲಿ ಅವಳ ಅಧಿಕಾರವನ್ನೇ ಕಿತ್ತುಕೊಂಡಿತು.

ಕೆನಡಾದ ಚಿಂತಕ ವಿಲ್ ಕಿಮ್ಲಿಕಾ ಅವರು, ಸಮುದಾಯವೊಂದು ಹೊರಗಿನ ಬಲಾಢ್ಯರಿಂದ ತನ್ನನ್ನು ಕಾಪಾಡಿಕೊಳ್ಳಲು ಕೇಳುವ ಹಕ್ಕೇ ಬೇರೆ, ತನ್ನದೇ ಸದಸ್ಯರ ಬಾಯಿ ಕಟ್ಟಲು ಕೇಳುವ ಹಕ್ಕೇ ಬೇರೆ ಎಂದು ವಿಂಗಡಿಸುತ್ತಾರೆ. ಮಾತಿನಲ್ಲಿ ಇದು ಸುಲಭ. ವ್ಯವಹಾರದಲ್ಲಿ ಎಷ್ಟು ಕಷ್ಟ ಎಂಬುದಕ್ಕೆ ಇಲ್ಲಿನ ಎರಡು ಪ್ರಕರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮ್ಯಾನಿಟೋಬಾ ಪ್ರಾಂತ್ಯದ ಹಟ್ಟರೈಟರು ಕ್ರೈಸ್ತರಲ್ಲೇ ಒಂದು ಪಂಗಡ. ಇಡೀ ಊರೇ ಒಂದು ಕುಟುಂಬದಂತೆ, ಯಾರಿಗೂ ಸ್ವಂತದ್ದೆಂದು ಒಂದಿಂಚು ನೆಲವಿಲ್ಲದೆ ಬೇಸಾಯ ಮಾಡಿಕೊಂಡು ಬದುಕುತ್ತಾರೆ. ಇಂಟರ್‌ಲೇಕ್ ಎಂಬ ಅವರ ಕಾಲೊನಿಯಲ್ಲಿ ಕೆಲವರು ಬೇರೊಂದು ಪಂಥದ ಕಡೆಗೆ ವಾಲಿದರು, ಕಾಲೊನಿ ಅವರನ್ನು ಹೊರಗೆ ಹಾಕಿತು. ವರ್ಷಗಟ್ಟಲೆ ದುಡಿದ ಅವರು ಆಸ್ತಿಯಲ್ಲಿ ಪಾಲು ಕೇಳಿದರು. 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಬ್ಬರ ಭಿನ್ನಮತದೊಡನೆ, ಪಾಲಿಲ್ಲ ಎಂದಿತು. ಕಾಲೊನಿಗೆ ಸೇರುವಾಗ ಒಪ್ಪಿದ ಕರಾರು ಅದು. ನಂಬಿಕೆ ಬದಲಿಸಲು ನಿನಗೆ ಪೂರ್ಣ ಸ್ವಾತಂತ್ರ್ಯವಿದೆ, ಆದರೆ ಬರಿಗೈಯಲ್ಲಿ ಹೋಗಬೇಕು ಎಂದರೆ ಆ ಸ್ವಾತಂತ್ರ್ಯ ಎಷ್ಟರದು? ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಬಹುದಲ್ಲ ಎಂದು ಇಂಥ ಚರ್ಚೆಗಳಲ್ಲಿ ಸಲೀಸಾಗಿ ಹೇಳುವವರು ಈ ಪ್ರಕರಣವನ್ನು ಒಮ್ಮೆ ನೆನೆಯಬೇಕು.

ಎರಡನೆಯದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಟೋಬಿಕ್ ಎಂಬಲ್ಲಿನ ಮೂಲನಿವಾಸಿ ಮಹಿಳೆ ಸಾಂಡ್ರಾ ಲವ್‌ಲೇಸ್ ಅವರದು. ಆಗಿನ ಇಂಡಿಯನ್ ಕಾಯ್ದೆಯ ಪ್ರಕಾರ ಮೂಲನಿವಾಸಿ ಗಂಡಸು ಹೊರಗಿನವಳನ್ನು ಮದುವೆಯಾದರೆ ಅವಳಿಗೂ ಮೂಲನಿವಾಸಿಯ ಸ್ಥಾನ ಸಿಗುತ್ತಿತ್ತು. ಹೆಂಗಸು ಹೊರಗಿನವನನ್ನು ಮದುವೆಯಾದರೆ ತಾನು ಹುಟ್ಟಿದ ಸ್ಥಾನವನ್ನೇ ಕಳೆದುಕೊಳ್ಳುತ್ತಿದ್ದಳು, ತವರಿನ ನೆಲದಲ್ಲಿ ಮನೆ ಮಾಡುವ ಹಕ್ಕು ಅವಳಿಗಿರಲಿಲ್ಲ. 1973ರಲ್ಲಿ ಇನ್ನೊಬ್ಬ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು 5–4 ಬಹುಮತದಿಂದ ಎತ್ತಿಹಿಡಿದಾಗ ಮೂಲನಿವಾಸಿಗಳ ರಾಷ್ಟ್ರೀಯ ಸಂಘಟನೆಯೂ ಆ ಮಹಿಳೆಯ ವಿರುದ್ಧವೇ ವಾದಿಸಿತ್ತು. ನಿಯಮವಾದರೋ ಅವರ ಹಿರೀಕರದ್ದಲ್ಲ. ಅದರ ಬೇರು 1869ರಲ್ಲಿ ವಸಾಹತುಶಾಹಿ ಸರ್ಕಾರ ಮಾಡಿದ ಕಾಯ್ದೆಯಲ್ಲಿತ್ತು. ಸರ್ಕಾರ ಹೇರಿದ್ದೇ ಕಾಲಕ್ರಮದಲ್ಲಿ ಪದ್ಧತಿಯೆನಿಸಿಕೊಂಡು, ಅದನ್ನು ಮುಟ್ಟಿದರೆ ಸಮುದಾಯವೇ ಹಾಳಾದೀತು ಎಂಬ ವಾದ ಹುಟ್ಟಿತ್ತು. 1979ರಲ್ಲಿ ಟೋಬಿಕ್‌ನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಓಕಾದಿಂದ ಒಟ್ಟಾವಾದವರೆಗೆ ಕಾಲ್ನಡಿಗೆಯಲ್ಲಿ ಹೋದರು. ಸಾಂಡ್ರಾ ಅವರ ದೂರನ್ನು ವಿಚಾರಿಸಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1981ರಲ್ಲಿ ಅವರ ಪರವಾಗಿ ನಿಂತದ್ದು ಯಾವ ಆಧಾರದ ಮೇಲೆ ಎಂಬುದು ನನ್ನ ವಾದಕ್ಕೆ ಬಹಳ ಮುಖ್ಯ: ತನ್ನವರ ನಡುವೆ ಇದ್ದು ತನ್ನ ಸಂಸ್ಕೃತಿಯನ್ನು ಅನುಭವಿಸುವ ಹಕ್ಕು ಆಕೆಗಿದೆ ಎಂಬ ಆಧಾರದ ಮೇಲೆ. 1985ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು, ಅದರಲ್ಲಿ ಉಳಿದಿದ್ದ ತಾರತಮ್ಯವನ್ನು ತೆಗೆಯುವ ತಿದ್ದುಪಡಿಗಳು 2019ರವರೆಗೂ ಜಾರಿಗೆ ಬರುತ್ತಲೇ ಇದ್ದವು.

ಆಕೆ ಸಂಸ್ಕೃತಿಯಿಂದ ಬಿಡುಗಡೆ ಕೇಳಲಿಲ್ಲ. ತನ್ನ ಸಂಸ್ಕೃತಿಯನ್ನು ತನಗೆ ಕೊಡಿ ಎಂದು ಕೇಳಿದರು.

ಬ್ರಾಂಪ್ಟನ್ ಗೃಹಸ್ಥ

ಇಲ್ಲಿಯವರೆಗಿನ ಚರ್ಚೆಯನ್ನು ಗೌರವದಿಂದ ಓದಿದ್ದೇನೆ, ಆದರೂ ಒಂದು ಆಕ್ಷೇಪವನ್ನು ದಾಖಲಿಸಲೇಬೇಕು. 2023ರ ಮಾರ್ಚಿನಲ್ಲಿ ಟೊರೊಂಟೊ ಶಾಲಾ ಮಂಡಳಿ ಜಾತಿ ತಾರತಮ್ಯದ ಬಗ್ಗೆ ನಿರ್ಣಯ ಅಂಗೀಕರಿಸಿದಾಗ, ಆ ಬಗೆಯ ತಾರತಮ್ಯವನ್ನು ಕಣ್ಣಾರೆ ಕಾಣದ ನನ್ನ ಮಗ, ಸಹಪಾಠಿಗಳು ನಿನ್ನ ಜಾತಿ ಯಾವುದು ಎಂದು ಕೇಳಿದರೆ ಏನು ಹೇಳಲಿ ಎಂದು ನನ್ನನ್ನು ಕೇಳಿದ. ಒಂದು ಸಣ್ಣ ಸಮುದಾಯದ ಒಳಜಗಳವನ್ನು ಹೊರಗಿನವರ ಮುಂದೆ ಹರಡಿದಾಗ, ಅದನ್ನು ಕೇಳುವವರು ಒಳಗಿನ ನೊಂದವರ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆಂಬ ಖಾತ್ರಿ ಏನು? ಮಾಂಟ್ರಿಯಲ್‌ನವರು ಹೇಳಿದ ದೊಣ್ಣೆ ನಮ್ಮ ಮಕ್ಕಳ ಮೇಲೂ ಬೀಳಬಹುದು.

ತುಮಕೂರಿನ ವಕೀಲ

ತಂದೆಯಾಗಿ ತಮ್ಮ ಆತಂಕ ಸಹಜ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ತಮ್ಮ ಮಗನಿಗೆ ಆ ಪ್ರಶ್ನೆ ಮೊದಲ ಸಲ ಎದುರಾದದ್ದು ನಿರ್ಣಯದಿಂದಾಗಿ. ಬೇರೆ ಕೆಲವು ಮಕ್ಕಳಿಗೆ ಅದು ನಿರ್ಣಯಕ್ಕಿಂತ ಮೊದಲೇ ಎದುರಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ, ಜಾತಿಯ ಕಾರಣಕ್ಕೆ ಆಗುವ ತಾರತಮ್ಯಕ್ಕೆ ವಂಶ, ಜನಾಂಗ, ಧರ್ಮ ಮುಂತಾಗಿ ಪ್ರಾಂತ್ಯದ ಮಾನವ ಹಕ್ಕುಗಳ ಸಂಹಿತೆಯಲ್ಲಿ ಈಗಾಗಲೇ ಇರುವ ಆಧಾರಗಳೇ ಅನ್ವಯಿಸುತ್ತವೆ ಎಂದು ಹೇಳಿತು. ಯಾವ ಧರ್ಮವನ್ನೂ ಗುರಿ ಮಾಡದೆ, ನೊಂದವರಿಗೆ ಮಾತ್ರ ಬಾಗಿಲು ತೆರೆದಿಡುವ ಈ ಕ್ರಮ ನನಗೆ ಹದವಾಗಿ ಕಾಣುತ್ತದೆ.

ಮಿಸ್ಸಿಸಾಗಾದ ದುಭಾಷಿ

ಬ್ರಾಂಪ್ಟನ್ ಸರ್, ಇಲ್ಲಿ ಯಾರೂ ಜಾತಿ ಯಾವುದು ಎಂದು ನೇರವಾಗಿ ಕೇಳುವುದಿಲ್ಲ ಎಂಬುದು ನಿಜ. ನಿಮ್ಮ ಮನೆದೇವರು ಯಾವುದು, ಊರಿನಲ್ಲಿ ಮನೆ ಯಾವ ಬೀದಿಯಲ್ಲಿ, ಹಬ್ಬಕ್ಕೆ ಏನು ಅಡುಗೆ ಎಂದು ಕೇಳುತ್ತಾರೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಕೇಳುವವರಿಗೂ ಹೇಳುವವರಿಗೂ ಎಲ್ಲವೂ ತಿಳಿದಿರುತ್ತದೆ. ನಾನೂ ಹಾಗೆ ಕೇಳಿದವಳೇ. ಕೇಳಿಸಿಕೊಂಡವರ ಮುಖವನ್ನು ಗಮನಿಸಲು ನನಗೆ ಬಹಳ ವರ್ಷ ಬೇಕಾಯಿತು.

ಹೊಸ ಸದಸ್ಯೆ

ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ನಾನು ಯಾವ ನಗರದಲ್ಲಿದ್ದೇನೆ ಎಂದು ಹೇಳಲು ಇಷ್ಟವಿಲ್ಲ.

ಆರು ವರ್ಷಗಳ ಹಿಂದೆ ನಮ್ಮ ಊರಿನ ಕನ್ನಡಿಗರು ಯುಗಾದಿಗೆ ಸೇರಿದ್ದಾಗ ಒಬ್ಬೊಬ್ಬರ ಮನೆಯಿಂದ ಒಂದೊಂದು ಅಡುಗೆ ಎಂದು ಮಾತಾಗಿತ್ತು. ನಾನು ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಮೇಲೆ ಅಕ್ಕ ಬರೆದ ಮೂರು ಪ್ರಶ್ನೆಗಳನ್ನೂ ಅಂದು ನನ್ನನ್ನು ಕೇಳಿದರು, ನಾನು ಉತ್ತರ ಹೇಳಿದೆ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಊಟ ಮುಗಿದ ಮೇಲೆ ನನ್ನ ಡಬ್ಬಿಯಲ್ಲಿ ಹೋಳಿಗೆ ತಂದಷ್ಟೇ ಇತ್ತು. ಮುಂದಿನ ವರ್ಷ, ಅಡುಗೆಗೆ ಹೊರಗಿನವರಿಗೆ ಹೇಳಿದ್ದೇವೆ, ನೀವು ಏನೂ ತರುವುದು ಬೇಡ ಎಂದು ನನಗೊಬ್ಬಳಿಗೆ ಫೋನ್ ಬಂತು. ಅಂದಿನಿಂದ ನಾನು ಹೋಗಿಲ್ಲ.

ಇದನ್ನು ಯಾವ ಆಯೋಗದ ಮುಂದೆ ಹೇಳಲಿ? ದೂರು ಎಂದು ಬರೆದರೆ ಏನೆಂದು ಬರೆಯಲಿ, ಹೋಳಿಗೆ ತಿನ್ನಲಿಲ್ಲ ಎಂದೇ? ವಕೀಲರು ಹೇಳಿದ ಬಾಗಿಲು ತೆರೆದಿರಲಿ, ಬೇಕಾದವರಿಗೆ ಬೇಕು. ನನಗೆ ಬೇಕಾಗಿರುವುದು ಬೇರೆ. ನನ್ನ ಮಗಳಿಗೆ ಈಗ ಏಳು ವರ್ಷ. ಆ ಕನ್ನಡಿಗರು ಸೇರುವಲ್ಲಿಯೇ ಶನಿವಾರ ಬೆಳಿಗ್ಗೆ ಕನ್ನಡ ತರಗತಿ ನಡೆಯುತ್ತದೆ, ನಮ್ಮ ಊರಿನಲ್ಲಿ ಕನ್ನಡ ಅಕ್ಷರ ಕಲಿಸುವ ಜಾಗ ಅದೊಂದೇ. ಅವಳು ಅಲ್ಲಿಗೆ ಹೋಗಬೇಕು, ಅವಳ ಜೊತೆ ನಾನೂ ಹೋಗಬೇಕು. ನಾನು ಹೋಗದಿದ್ದರೆ ಇದು ಅವರ ಕನ್ನಡ ಮಾತ್ರ ಎಂದು ಅವಳು ತಿಳಿಯುತ್ತಾಳೆ.

ಬ್ರಾಂಪ್ಟನ್ ಗೃಹಸ್ಥ

ತಂಗಿ, ನಿಮ್ಮ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಹೇಳಲಾರೆ, ಮಗನ ಬಗೆಗಿನ ಭಯ ಇನ್ನೂ ಇದೆ. ಆದರೆ ಒಳಜಗಳ ಎಂದು ನಾನು ಬಳಸಿದ ಪದ ತಪ್ಪು. ಜಗಳಕ್ಕೆ ಎರಡು ಕಡೆ ಬೇಕು, ನೀವು ಜಗಳವಾಡಲಿಲ್ಲ.

ಮಿಸ್ಸಿಸಾಗಾದ ದುಭಾಷಿ

ತಂಗಿ, ನೀವು ಯಾವ ಊರಿನವರೆಂದು ನಾನು ಕೇಳುವುದಿಲ್ಲ. ಈ ವೇದಿಕೆಯ ಒಳಪತ್ರದಲ್ಲಿ ನನಗೆ ಬರೆಯಬಹುದು. ನಮ್ಮ ಕಡೆಯ ಶನಿವಾರದ ತರಗತಿ ಹತ್ತು ಗಂಟೆಗೆ. ಅಲ್ಲಿ ಅಕ್ಷರ ಕಲಿಸುವ ಇಬ್ಬರಲ್ಲಿ ನಾನೂ ಒಬ್ಬಳು. ನಿಮಗೆ ಬರಲು ದೂರವಾದರೆ, ನಿಮ್ಮ ಊರಿನ ತರಗತಿಗೆ ಮೊದಲ ದಿನ ನಿಮ್ಮ ಜೊತೆಗೆ ನಾನು ಬರುತ್ತೇನೆ.